ಮುಖ್ಯೋಪಾಧ್ಯಾಯರು ಬೆಳಿಗ್ಗೆ ಮೊದಲು ಕೇಳುವ ಪ್ರಶ್ನೆ

ಪ್ರಶ್ನೆ: ಮೈಸೂರು ನಗರದ ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನೇಳು ವರ್ಷ ಗಣಿತ ಪಾಠ ಮಾಡಿದ ನಾನು ಈ ವರ್ಷ ಬಡ್ತಿ ಪಡೆದು ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದಿದ್ದೇನೆ. ಇಬ್ಬರು ಅತಿಥಿ ಶಿಕ್ಷಕರೂ ಸೇರಿ ಒಂಬತ್ತು ಮಂದಿ ಇದ್ದಾರೆ. ಯಾರೂ ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾರೆ. ಆದರೆ ಸ್ಟಾಫ್ ರೂಮಿನಲ್ಲಿ ಪಾಠದ ಮಾತೇ ಕೇಳಿಬರುವುದಿಲ್ಲ. ಸಭೆ ಕರೆದರೆ "ನೀವು ಹೇಳಿದ ಹಾಗೇ ಆಗಲಿ ಮೇಡಂ" ಎಂದು ನಡವಳಿ ಪುಸ್ತಕಕ್ಕೆ ಸಹಿ ಹಾಕಿ ಎದ್ದುಬಿಡುತ್ತಾರೆ. ಮೊದಲ ದಿನದಿಂದಲೇ ಬಿಗಿಯಾಗಿರಿ ಎಂದು ಕೆಲವು ಹಿತೈಷಿಗಳು ಹೇಳಿದರೆ, ಎಲ್ಲರನ್ನೂ ಹೊಂದಿಸಿಕೊಂಡು ಹೋಗಿ ಎಂದು ಇನ್ನು ಕೆಲವರು ಹೇಳುತ್ತಾರೆ. ಒಬ್ಬ ಮುಖ್ಯಸ್ಥೆಯಿಂದ ಶಿಕ್ಷಕರ ಕೆಲಸದ ರೀತಿ ನಿಜವಾಗಿ ಬದಲಾಗುತ್ತದೆಯೇ? ಬದಲಾಗುವುದಾದರೆ ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ಬದಲಾಗುತ್ತದೆ. ಆದರೆ ಬಿಗಿಯೋ ಸಡಿಲವೋ ಎಂಬ ಪ್ರಶ್ನೆಯನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ಶಿಕ್ಷಕರ ತರಬೇತಿಯ ಕೆಲಸಕ್ಕಾಗಿ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಶಾಲೆಗಳನ್ನು ವರ್ಷಗಟ್ಟಲೆ ಸುತ್ತಿದವನಾಗಿ ಹೇಳುವುದಾದರೆ, ಬಹಳ ಬಿಗಿಯಾದ ಮುಖ್ಯೋಪಾಧ್ಯಾಯರ ಕೈಕೆಳಗೆ ಶಿಕ್ಷಕರು ಮನಸಾರೆ ದುಡಿಯುವುದನ್ನು ಕಂಡಿದ್ದೇನೆ. ಅಷ್ಟೇ ಬಿಗಿಯಾದ ಮತ್ತೊಬ್ಬರ ಕೈಕೆಳಗೆ ಅವರು ಗಂಟೆ ಹೊಡೆಯುವುದನ್ನೇ ಕಾಯುವುದನ್ನೂ ಕಂಡಿದ್ದೇನೆ. ಮೃದು ಸ್ವಭಾವದವರ ಶಾಲೆಗಳಲ್ಲೂ ಇದೇ ಕಥೆ. ವ್ಯತ್ಯಾಸ ಕಾಣುತ್ತಿದ್ದುದು ಸ್ವಭಾವದಲ್ಲಿ ಅಲ್ಲ, ಬೆಳಿಗ್ಗೆ ಅವರು ಸಹೋದ್ಯೋಗಿಗಳನ್ನು ಮೊದಲು ಏನು ಕೇಳುತ್ತಿದ್ದರು ಎಂಬುದರಲ್ಲಿ. ಒಬ್ಬರು ಪ್ರಾರ್ಥನೆ ಮುಗಿಯುವ ಮೊದಲೇ "ಸ್ಯಾಟ್ಸ್ ಎಂಟ್ರಿ ಮುಗೀತಾ? ಎಫ್‌ಎ ಅಂಕ ಏರಿಸಿದಿರಾ?" ಎಂದು, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯನ್ನೂ ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನೂ ಕುರಿತು ಕೇಳುತ್ತಿದ್ದರು. ಇನ್ನೊಬ್ಬರು ಹಾಜರಿ ಪುಸ್ತಕವನ್ನು ಮುಂದಕ್ಕೆ ತಳ್ಳುತ್ತಲೇ "ಎಂಟನೇ ತರಗತಿಯ ಆ ಮೂವರು ನಿನ್ನೆ ಓದಿದರಾ ಮೇಷ್ಟ್ರೇ?" ಎನ್ನುತ್ತಿದ್ದರು. ಮುಖ್ಯಸ್ಥರು ದಿನವೂ ಯಾವುದನ್ನು ಕೇಳುತ್ತಾರೋ ಅದೇ ಆ ಶಾಲೆಯಲ್ಲಿ ಕೆಲಸ ಎನಿಸಿಕೊಳ್ಳುತ್ತದೆ. ಉಳಿದದ್ದೆಲ್ಲ ಸಮಯ ಸಿಕ್ಕರೆ ಮಾಡುವ ಬಾಬತ್ತಾಗುತ್ತದೆ.

ಇದನ್ನು ನಾನು ಮೊದಲು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮುಖ್ಯೋಪಾಧ್ಯಾಯರು ಪ್ರತಿ ಸೋಮವಾರ ಎಲ್ಲರ ಪಾಠ ಟಿಪ್ಪಣಿ ತರಿಸಿಕೊಂಡು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದರು. ಒಂದು ವಾರ ಮನೆಯಲ್ಲಿ ಕಾಯಿಲೆಯಿದ್ದ ಕಾರಣ ನನಗೆ ಬರೆಯಲಾಗಲಿಲ್ಲ. ಹಿಂದಿನ ವರ್ಷದ ಪುಟವೊಂದನ್ನು ದಿನಾಂಕ ಮಾತ್ರ ತಿದ್ದಿ, ಅಳುಕುತ್ತಲೇ ಮೇಜಿನ ಮೇಲಿಟ್ಟೆ. ಸಹಿಯಾಗಿ ಬಂತು. ಆ ಪುಟದಲ್ಲಿದ್ದ ಪಾಠ ಅಷ್ಟರಲ್ಲಾಗಲೇ ಪಠ್ಯಪುಸ್ತಕದಿಂದ ಹೊರಗೆ ಹೋಗಿತ್ತು. ಅವರು ಕೆಟ್ಟವರೆಂದು ಇದನ್ನು ಹೇಳುತ್ತಿಲ್ಲ. ಅವರ ಮೇಲಿನವರು ತಪಾಸಣೆಗೆ ಬಂದಾಗ ಕೇಳುತ್ತಿದ್ದುದೂ ಸಹಿ ಇದೆಯೇ ಎಂಬುದನ್ನಷ್ಟೇ. ಆದರೆ ಆ ದಿನದಿಂದ ಮುಂದಿನ ನಾಲ್ಕೈದು ವರ್ಷ ಪಾಠ ಟಿಪ್ಪಣಿಯನ್ನು ನಾನು ಬರೆದದ್ದು ಸಹಿಗಾಗಿ, ಪಾಠಕ್ಕಾಗಿ ಅಲ್ಲ. ಹಾಗೆ ಬರೆಯುವವನು ನಾನೊಬ್ಬನೇ ಅಲ್ಲ ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾರ್ಯಸಂಸ್ಕೃತಿ ಎಂಬ ದೊಡ್ಡ ಮಾತಿನ ಒಳಗಿರುವುದು ಇಂಥ ಸಣ್ಣ ತಿಳಿವಳಿಕೆಗಳೇ: ಇಲ್ಲಿ ನಿಜವಾಗಿ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಅರಿತಿರುವುದು.

ಸಂಶೋಧನೆಗಳೂ ಈ ಅನುಭವಕ್ಕೆ ದೂರವಾಗಿಲ್ಲ. ಮಕ್ಕಳ ಕಲಿಕೆಯ ಮೇಲೆ ಶಾಲೆಯೊಳಗಿನ ಅಂಶಗಳಲ್ಲಿ ಅತಿ ಹೆಚ್ಚು ಪರಿಣಾಮ ಬೀರುವುದು ತರಗತಿಯ ಬೋಧನೆ, ಅದರ ನಂತರದ ಸ್ಥಾನ ಮುಖ್ಯಸ್ಥರ ನಾಯಕತ್ವದ್ದು ಎಂದು ಕೆನಡಾದ ಕೆನ್ನೆತ್ ಲೀತ್‌ವುಡ್ ಮತ್ತು ಅವರ ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ಹೇಳಿದರು. ಈ ಪರಿಣಾಮ ನೇರವಾದದ್ದಲ್ಲ, ಬಹುಪಾಲು ಶಿಕ್ಷಕರ ಮೂಲಕ ಹಾಯ್ದು ಮಕ್ಕಳನ್ನು ಮುಟ್ಟುವಂಥದ್ದು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಶಿಕ್ಷಕರ ಕಲಿಕೆಯಲ್ಲಿ ತಾವೂ ಕಲಿಯುವವರಾಗಿ ಜೊತೆ ಕೂರುವುದು. ತರಬೇತಿಗೆ ಕಳುಹಿಸಿ ಕೈತೊಳೆದುಕೊಳ್ಳುವುದಲ್ಲ. ಷಿಕಾಗೋ ನಗರದ ಶಾಲೆಗಳನ್ನು ವರ್ಷಗಳ ಕಾಲ ಗಮನಿಸಿದ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್, ಪರಸ್ಪರ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳು ಓದು ಮತ್ತು ಗಣಿತದಲ್ಲಿ ಸುಧಾರಿಸುವ ಸಾಧ್ಯತೆ ನಂಬಿಕೆ ತೀರಾ ಕಡಿಮೆಯಿದ್ದ ಶಾಲೆಗಳಿಗಿಂತ ಮೂರು ಪಟ್ಟು ಹೆಚ್ಚೆಂದು ಕಂಡುಕೊಂಡರು. ನಮ್ಮ ದೇಶದ ಚಿತ್ರವನ್ನೂ ನೋಡಿ. 2003ರಲ್ಲಿ ಮುನ್ಸೂಚನೆಯಿಲ್ಲದೆ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಭೇಟಿ ಕೊಟ್ಟ ತಂಡಗಳಿಗೆ ಸುಮಾರು ಶೇ. 25ರಷ್ಟು ಶಿಕ್ಷಕರು ಶಾಲೆಯಲ್ಲಿ ಸಿಗಲಿಲ್ಲ. ಆ ಸಮೀಕ್ಷೆಯಲ್ಲಿ ಎಲ್ಲರೂ ಉದ್ಧರಿಸುವ ಸಂಖ್ಯೆ ಅದು. ಯಾರೂ ಉದ್ಧರಿಸದ ಸಂಗತಿಯೆಂದರೆ, ಸಂಬಳ ಹೆಚ್ಚಿದ್ದ ಮುಖ್ಯ ಶಿಕ್ಷಕರು ಸಹ ಶಿಕ್ಷಕರಿಗಿಂತ ಹೆಚ್ಚು ಗೈರಾಗಿದ್ದರು.

ಇನ್ನು ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಲೆಕ್ಕ ಹಾಕೋಣ. ಶಿಕ್ಷಕರನ್ನು ನೇಮಿಸುವ, ವರ್ಗಾಯಿಸುವ, ಸಂಬಳ ಏರಿಸುವ ಅಧಿಕಾರ ನಿಮಗಿಲ್ಲ. ಖಾಸಗಿ ಕಂಪನಿಗಳ ನಾಯಕತ್ವದ ಪಾಠಗಳನ್ನು ಶಾಲೆಗೆ ತಂದು ಹೇಳುವವರು ಮರೆಯುವುದು ಇದನ್ನೇ. ಆದರೆ ವೇಳಾಪಟ್ಟಿ ನಿಮ್ಮದು. ಕಾರ್ಯಹಂಚಿಕೆ ನಿಮ್ಮದು. ಸಾಂದರ್ಭಿಕ ರಜೆಗೆ, ಓಓಡಿಗೆ (ಶಾಲೆಯ ಹೊರಗಿನ ಇಲಾಖಾ ಕೆಲಸಕ್ಕೆ ಹೋಗುವುದಕ್ಕೆ) ಒಪ್ಪಿಗೆ ಕೊಡುವವರು ನೀವು. ಮೇಲಿನಿಂದ ಬಂದ ಸುತ್ತೋಲೆ ಶಿಕ್ಷಕರನ್ನು ಯಾವ ರೂಪದಲ್ಲಿ, ಯಾವ ಹೊತ್ತಿನಲ್ಲಿ ಮುಟ್ಟಬೇಕೆಂದು ತೀರ್ಮಾನಿಸುವವರೂ ನೀವೇ. ಯಾವ ತರಗತಿಗೆ ಯಾವಾಗ ಬೇಕಾದರೂ ಹೋಗಿ ಕೂರುವ ಹಕ್ಕು ಶಾಲೆಯಲ್ಲಿ ನಿಮಗೊಬ್ಬರಿಗೇ ಇದೆ. ಇದೇನೂ ಸಾಮಾನ್ಯ ಅಧಿಕಾರವಲ್ಲ.

ವೇಳಾಪಟ್ಟಿಯಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ, ಏಕೆಂದರೆ ಹಳೆಯ ಮುನಿಸುಗಳೆಲ್ಲ ಅದರಲ್ಲಿ ಅಡಗಿರುತ್ತವೆ. ಸಂಜೆ ಒಬ್ಬರೇ ಕುಳಿತು ಈಗಿರುವ ವೇಳಾಪಟ್ಟಿಯನ್ನು ಹೆಸರಿನ ಪ್ರಕಾರ ಬಿಡಿಸಿ ಬರೆದು ನೋಡಿ. ಮಧ್ಯಾಹ್ನ ಊಟವಾದ ಮೇಲಿನ ಅವಧಿಗಳು ಯಾರ ಪಾಲಿಗೆ ಬಿದ್ದಿವೆ, ಹತ್ತನೇ ತರಗತಿ ಯಾರಿಗೆ ಖಾಯಂ ಆಗಿದೆ, ಅತಿಥಿ ಶಿಕ್ಷಕರ ತಲೆಗೆ ಎಷ್ಟು ಬದಲಿ ಪಾಠಗಳು ಕಟ್ಟಿವೆ ಎಂಬುದು ಗೊತ್ತಾಗುತ್ತದೆ. ಅದರ ಪಕ್ಕದಲ್ಲೇ ಪಾಠವಲ್ಲದ ಕೆಲಸಗಳನ್ನು ಬರೆಯಿರಿ: ಬಿಸಿಯೂಟದ ಉಸ್ತುವಾರಿ, ಹಾಲಿನ ಪುಡಿಯ ಲೆಕ್ಕ, ವಿದ್ಯಾರ್ಥಿವೇತನ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಸ್ಯಾಟ್ಸ್, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಓಡಾಟ. ನಾನು ಕಂಡ ಬಹುತೇಕ ಶಾಲೆಗಳಲ್ಲಿ ಈ ಪಟ್ಟಿ ಒಂದೇ ರೀತಿ ವಾಲಿರುತ್ತದೆ. ಊಟದ ಉಸ್ತುವಾರಿ, ರಂಗೋಲಿ, ಸ್ವಾಗತಗೀತೆ ಶಿಕ್ಷಕಿಯರಿಗೆ; ಓಓಡಿ ಸಿಗುವ ಕಚೇರಿ ಓಡಾಟ ಶಿಕ್ಷಕರಿಗೆ; ಕಂಪ್ಯೂಟರ್ ಮುಟ್ಟಬಲ್ಲ ಒಬ್ಬ ಯುವಕನಿಗೆ ಊರಿನ ಎಲ್ಲ ಆನ್‌ಲೈನ್ ಕೆಲಸ. ಆ ಯುವಕ ಐದು ವರ್ಷದಲ್ಲಿ ಕಂಪ್ಯೂಟರ್ ಬರುವುದಿಲ್ಲವೆಂದು ನಟಿಸಲು ಕಲಿಯುತ್ತಾನೆ. ಚೆನ್ನಾಗಿ ಮಾಡಿದವನಿಗೆ ಇನ್ನಷ್ಟು ಹೊರೆ ಎಂಬ ನಿಯಮವಿರುವ ಕಡೆ ಚೆನ್ನಾಗಿ ಮಾಡುವುದನ್ನು ಬಿಡುವುದೇ ಜಾಣತನವಾಗುತ್ತದೆ. ಹಂಚಿಕೆಯನ್ನು ಒಂದು ಹಾಳೆಯಲ್ಲಿ, ಯಾರಿಗೆ ಯಾವ ಕೆಲಸ, ಎಷ್ಟು ಅವಧಿ ಎಂದು ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ, ನಿಮ್ಮ ಹೆಸರನ್ನೂ ಅದರಲ್ಲಿ ಸೇರಿಸಿ. ಮೊದಲ ವಾರ ಗೊಣಗಾಟ ಇರುತ್ತದೆ. ಆ ಗೊಣಗಾಟ ಒಳ್ಳೆಯದು. ನಿಮ್ಮ ಶಾಲೆಯಲ್ಲಿ ಇಷ್ಟು ದಿನ ಇಲ್ಲದಿದ್ದದ್ದು ಅದೇ.

ವೇಳಾಪಟ್ಟಿಯ ನಂತರ ತರಗತಿ ಭೇಟಿ. ಮುಖ್ಯಸ್ಥರು ಡೈರಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹದಿನೇಳು ವರ್ಷ ನೀವೂ ಕಪ್ಪುಹಲಗೆಯ ಮುಂದೆ ನಿಂತವರು. ಪ್ರಶ್ನೆಗಳು ಮೊದಲ ಸಾಲಿನ ಜಾಣ ಮಕ್ಕಳಿಗೆ ಮಾತ್ರ ಹೋಗುತ್ತವೆ, ದನಿ ಏರುತ್ತದೆ, ಎಲ್ಲಿಲ್ಲದ ಚಾರ್ಟುಗಳು ಹೊರಬರುತ್ತವೆ. ಅದು ಪಾಠವಲ್ಲ, ಪ್ರದರ್ಶನ. ಮಳವಳ್ಳಿ ಕಡೆಯ ಶಾಲೆಯೊಂದರಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ಇದನ್ನು ಬೇರೆಯೇ ರೀತಿಯಲ್ಲಿ ಮಾಡುತ್ತಿದ್ದರು. ಹತ್ತನೇ ತರಗತಿಯ ವಿಜ್ಞಾನದ ಅವಧಿ, ಬೆಳಕಿನ ಪಾಠ. ಅವರು ಒಳಗೆ ಬಂದು ಹಿಂದಿನ ಸಾಲಿನ ಹುಡುಗಿಯ ಪಕ್ಕ ಕುಳಿತು, ಅವಳ ನೋಟ್‌ಬುಕ್ ನೋಡಿದರೇ ವಿನಾ ಶಿಕ್ಷಕರತ್ತ ತಲೆಯೆತ್ತಲಿಲ್ಲ. ಪಾಠ ಮುಗಿದ ಮೇಲೆ ಜಗಲಿಯಲ್ಲಿ ನಡೆಯುತ್ತ ಹೇಳಿದ್ದು ಒಂದೇ ಮಾತು: "ಆ ಹುಡುಗಿ ಬೆಳಕಿನ ಕಿರಣವನ್ನು ಮಸೂರ ಮುಟ್ಟುವ ಮೊದಲೇ ಬಾಗಿಸಿದ್ದಾಳೆ ಮೇಷ್ಟ್ರೇ, ಯಾಕಿರಬಹುದು?" ಶಿಕ್ಷಕರು ಒಂದು ಕ್ಷಣ ನಿಂತರು. "ಬೋರ್ಡಿನ ಮೇಲೆ ನಾನೇ ಅವಸರದಲ್ಲಿ ಹಾಗೆ ಎಳೆದೆನೇನೋ" ಎಂದರು. ಮಾರನೆಯ ದಿನ ಭೂತಗನ್ನಡಿಗಳನ್ನು ತಂದು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದದ್ದು ಅವರೇ, ಯಾರೂ ಹೇಳಿರಲಿಲ್ಲ. ಈ ಸಂಭಾಷಣೆಯಲ್ಲಿ ಶಿಕ್ಷಕರ ಗುಣದೋಷದ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿ. ಮಾತು ನಡೆದದ್ದು ಒಂದು ಮಗುವಿನ ಒಂದು ಗೆರೆಯ ಬಗ್ಗೆ. ಅದನ್ನು ಇಬ್ಬರೂ ಸಮಾನರಾಗಿ ಚರ್ಚಿಸಬಹುದು. "ನಿಮ್ಮ ಬೋಧನೆ ಇನ್ನಷ್ಟು ಪರಿಣಾಮಕಾರಿಯಾಗಲಿ" ಎಂದು ಭೇಟಿ ಪುಸ್ತಕದಲ್ಲಿ ಬರೆದುಹೋದರೆ ಯಾರೂ ಚರ್ಚಿಸಲಾರರು. ದಿನಕ್ಕೊಂದು ತರಗತಿ, ಹದಿನೈದು ನಿಮಿಷ, ಮೂರು ಮಕ್ಕಳ ನೋಟ್‌ಬುಕ್. ಅದಕ್ಕಿಂತ ಹೆಚ್ಚು ಬೇಡ.

ಇಷ್ಟರಿಂದ ಏನಾದೀತು ಎಂದು ಅನುಮಾನ ಬಂದರೆ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯನ್ನು ನೆನಪಿಸಿಕೊಳ್ಳಿ. ಚಿಕ್ಕ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ, ಇಂದು ರಾಜ್ಯವೆಲ್ಲ ಬಲ್ಲ ನಲಿಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ. ಯುನಿಸೆಫ್ ನೆರವಿನಿಂದ ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಒಬ್ಬರೇ ಶಿಕ್ಷಕರು ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವುದನ್ನು ಕಂಡು ಬಂದರು. ಬಂದವರು ಚಟುವಟಿಕೆಯ ಕಾರ್ಡುಗಳನ್ನು, ಮಗು ಹಂತಹಂತವಾಗಿ ಏರುವ ಕಲಿಕಾ ಏಣಿಯನ್ನು ತಮ್ಮ ಮಕ್ಕಳ ಮಾತಿಗೆ, ತಮ್ಮ ಕಾಡಂಚಿನ ಊರುಗಳಿಗೆ ಒಗ್ಗುವಂತೆ ತಾವೇ ಕುಳಿತು ರೂಪಿಸಿದರು. ಅಧಿಕಾರದಲ್ಲಿದ್ದವರು ಅಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ, ಬರೆಯುವ ಲೇಖನಿಯನ್ನು ಶಿಕ್ಷಕರ ಕೈಗೆ ಕೊಟ್ಟು ತಾವು ಸ್ವಲ್ಪ ಹಿಂದೆ ಸರಿದದ್ದು. 2009-10ರ ಹೊತ್ತಿಗೆ ಅದು ರಾಜ್ಯದಾದ್ಯಂತ ಆದೇಶವಾಗಿ ಹೋಯಿತು. ಅದೇ ಕಾರ್ಡು, ಅದೇ ಏಣಿ. ಕೆಲವು ಶಾಲೆಗಳಲ್ಲಿ ಅದು ಜೀವಂತವಾಗಿತ್ತು. ಇನ್ನು ಕೆಲವೆಡೆ ಕಾರ್ಡುಗಳು ಕೊಳೆಯದಿರಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನು ನಾನೇ ನೋಡಿದ್ದೇನೆ. ದಾಸ್ತಾನು ಪುಸ್ತಕದಲ್ಲಿ ಎಲ್ಲವೂ ಸರಿಯಾಗಿತ್ತು. ಕಾರ್ಡು ಹರಿದರೆ ಯಾಕೆ ಹರಿಯಿತು ಎಂದು ಕೇಳುವ ಮುಖ್ಯಸ್ಥರಿದ್ದ ಕಡೆ ಬೇರೇನು ತಾನೇ ಆದೀತು?

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಮೇಲಿನ ಕಚೇರಿಗಳಿಂದ ಬರುವ ಮಾಹಿತಿ ಬೇಡಿಕೆಗಳನ್ನು ನೀವು ತಡೆಯಲಾರಿರಿ, ಆದರೆ ಅವು ತರಗತಿಯೊಳಗೆ ನುಗ್ಗುವುದನ್ನು ತಡೆಯಬಲ್ಲಿರಿ. "ತಕ್ಷಣ", "ಇಂದು ಮಧ್ಯಾಹ್ನ 2ರೊಳಗೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಬಂದ ಹಾಗೆಯೇ ಶಿಕ್ಷಕರ ಗುಂಪಿಗೆ ರವಾನಿಸುವ ಮುಖ್ಯಸ್ಥರು ಅರಿವಿಲ್ಲದೆ ಒಂದು ಸಂದೇಶ ಕೊಡುತ್ತಾರೆ: ಪಾಠ ಕಾಯಬಹುದು, ಇದು ಕಾಯಲಾರದು. ಕೇಳುವ ಅಂಕಿಅಂಶಗಳಲ್ಲಿ ಮುಕ್ಕಾಲು ಪಾಲು ಮತ್ತೆ ಮತ್ತೆ ಬರುವಂಥವೇ. ದಾಖಲಾತಿ, ಜಾತಿವಾರು ಸಂಖ್ಯೆ, ಶೌಚಾಲಯ, ಫಲಿತಾಂಶ, ಇವನ್ನೆಲ್ಲ ಒಂದು ಕಡತದಲ್ಲಿ ಸಿದ್ಧವಾಗಿಟ್ಟುಕೊಂಡು ನೀವೋ ಗುಮಾಸ್ತರೋ ಉತ್ತರಿಸಿದರೆ ಶಿಕ್ಷಕರನ್ನು ಪಾಠದ ನಡುವೆ ಎಬ್ಬಿಸುವ ಪ್ರಸಂಗವೇ ಬರುವುದಿಲ್ಲ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕರ್ತವ್ಯಗಳನ್ನು ಬಿಟ್ಟರೆ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೇ ಸೆಕ್ಷನ್ ಹೇಳುತ್ತದೆ. ಅದನ್ನು ಎತ್ತಿ ತೋರಿಸಿ ಜಗಳಕ್ಕೆ ನಿಲ್ಲಿ ಎಂದು ಹೇಳುತ್ತಿಲ್ಲ. ಆದರೆ ಯಾವ ಕೆಲಸಕ್ಕೆ ಎಷ್ಟು ಪಾಠದ ಅವಧಿ ಹೋಯಿತೆಂದು ತಿಂಗಳಿಗೊಮ್ಮೆ ಬರೆದಿಡಿ, ಸಭೆಗೆ ಹೋದಾಗ ಆ ಸಂಖ್ಯೆಯನ್ನು ವಿನಯದಿಂದ ಮುಂದಿಡಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳ ಅಧ್ಯಯನದಲ್ಲಿ, ಕಾರಣವಿಲ್ಲದೆ ಗೈರಾದ ಶಿಕ್ಷಕರು ಶೇ. 2.5 ಮಾತ್ರ ಎಂದು ಕಂಡುಕೊಂಡಿತು. ಶಾಲೆಯಲ್ಲಿ ಇಲ್ಲದಿದ್ದ ಉಳಿದವರು ರಜೆಯ ಮೇಲೋ ಇಲಾಖೆಯ ಕೆಲಸದ ಮೇಲೋ ಹೋದವರು. ತಮ್ಮ ಪಾಠದ ಸಮಯವನ್ನು ಮೇಡಂ ಕಾಯುತ್ತಾರೆ ಎಂಬ ನಂಬಿಕೆ ಒಮ್ಮೆ ಬಂದರೆ, ಆ ಸಮಯವನ್ನು ಹಾಳು ಮಾಡಲು ಶಿಕ್ಷಕರಿಗೂ ಸಂಕೋಚವಾಗುತ್ತದೆ.

ಬಸ್ಸಿನ ವಿಷಯವನ್ನು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ನಿಮ್ಮ ಒಂಬತ್ತು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೈಸೂರಿನಿಂದಲೋ ಮಂಡ್ಯದಿಂದಲೋ ಅಪ್ ಅಂಡ್ ಡೌನ್ ಮಾಡುವವರಿರುತ್ತಾರೆ, ಶಾಲೆ ಬಿಟ್ಟ ಹತ್ತು ನಿಮಿಷಕ್ಕೆ ಬರುವ ಬಸ್ಸು ತಪ್ಪಿದರೆ ಇನ್ನೊಂದು ಗಂಟೆ ನಿಲ್ದಾಣದಲ್ಲಿ ಕೂರಬೇಕು. ಇದನ್ನು ನೈತಿಕ ಪ್ರಶ್ನೆಯಾಗಿಸಿ "ಊರಲ್ಲೇ ಮನೆ ಮಾಡಿ" ಎಂದು ಉಪದೇಶಿಸಿದವರು ಯಾರೂ ಗೆದ್ದದ್ದನ್ನು ನಾನು ಕಾಣೆ. ಸಭೆಯನ್ನು ಸಂಜೆಗೆ ಇಡಬೇಡಿ, ಅಷ್ಟೇ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲಿನ ಮುಕ್ಕಾಲು ಗಂಟೆ ಅದಕ್ಕೆ ತಕ್ಕ ಸಮಯ.

ಆ ಸಭೆಯಲ್ಲಿನ ಮೌನವನ್ನು ನೀವು ಅಸಹಕಾರ ಎಂದುಕೊಂಡಂತಿದೆ. ನನಗೆ ಅದು ಅನುಭವ ಕಲಿಸಿದ ಮೌನವಾಗಿ ಕಾಣುತ್ತದೆ. ಹಿಂದೆ ಯಾರೋ ಮಾತನಾಡಿದ್ದಾರೆ. ಆ ಮಾತಿನಿಂದ ಏನೂ ಆಗಲಿಲ್ಲ, ಅಥವಾ ಸಲಹೆ ಕೊಟ್ಟವರ ತಲೆಗೇ ಆ ಕೆಲಸ ಬಿತ್ತು. ಅಜೆಂಡಾದಲ್ಲಿ ಸುತ್ತೋಲೆ ಓದುವುದನ್ನು ಬಿಟ್ಟುಬಿಡಿ, ಅದನ್ನು ಸುತ್ತೋಲೆ ಪುಸ್ತಕದಲ್ಲಿ ಕಳುಹಿಸಿದರೆ ಸಾಕು. ಅದರ ಬದಲು ಒಂದು ತರಗತಿಯ ಐದು ಉತ್ತರಪತ್ರಿಕೆಗಳನ್ನು ಮೇಜಿನ ಮೇಲಿಟ್ಟು, ಕನ್ನಡದವರೂ ಗಣಿತದವರೂ ಒಟ್ಟಿಗೆ ನೋಡುವಂತೆ ಮಾಡಿ. ಗಣಿತದಲ್ಲಿ ಸೋತ ಹುಡುಗ ಲೆಕ್ಕದಲ್ಲಿ ಸೋತಿದ್ದಾನೋ, ಪ್ರಶ್ನೆಯ ವಾಕ್ಯವನ್ನು ಓದುವುದರಲ್ಲಿ ಸೋತಿದ್ದಾನೋ ಎಂಬ ಮಾತು ಎದ್ದರೆ ಸ್ಟಾಫ್ ರೂಮಿನಲ್ಲಿ ಪಾಠದ ಮಾತು ಶುರುವಾದಂತೆಯೇ. ಬಂದ ಸಲಹೆಗಳಲ್ಲಿ ಒಂದನ್ನಾದರೂ ಮುಂದಿನ ಶನಿವಾರದೊಳಗೆ ಜಾರಿಗೆ ತನ್ನಿ, ಅದು ಚಿಕ್ಕದಾದರೂ ಸರಿ. ಅತಿಥಿ ಶಿಕ್ಷಕರನ್ನು ಈ ಸಭೆಯಿಂದ ಹೊರಗಿಡಬೇಡಿ. ಗೌರವಧನ ತಡವಾಗಿ ಬಂದರೂ ಅವರೇ ಅನೇಕ ಕಡೆ ಅದೇ ಊರಿನವರು. ಕಬ್ಬು ಕಟಾವಿನ ಕಾಲದಲ್ಲಿ ಯಾವ ಮಗು ಯಾಕೆ ಬರುತ್ತಿಲ್ಲ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರು ಬದಲಾಗದೆ ಉಳಿಯಬಹುದು. ಅಂಥವರ ವಿಷಯದಲ್ಲಿ ಮೆತ್ತಗಿರಿ ಎಂದು ನಾನು ಹೇಳುವುದಿಲ್ಲ. ಒಬ್ಬರು ವರ್ಷವಿಡೀ ಪಾಠ ಮಾಡದೆ ಕಳೆದರೂ ಏನೂ ಆಗುವುದಿಲ್ಲ ಎಂಬುದನ್ನು ಉಳಿದ ಎಂಟು ಮಂದಿ ನೋಡುತ್ತಲೇ ಇರುತ್ತಾರೆ. ಮೊದಲು ಖಾಸಗಿಯಾಗಿ, ನಿರ್ದಿಷ್ಟ ದಿನ, ನಿರ್ದಿಷ್ಟ ತರಗತಿಯನ್ನು ಹೆಸರಿಸಿ ಮಾತನಾಡಿ. ಎರಡನೆಯ ಬಾರಿ ಅದನ್ನೇ ಬರವಣಿಗೆಯಲ್ಲಿ ಕೊಡಿ. ಮೂರನೆಯ ಬಾರಿ ಕಾರಣ ಕೇಳಿ ನೋಟಿಸ್. ಆದರೆ ಒಬ್ಬರ ತಪ್ಪಿಗೆ ಎಲ್ಲರನ್ನೂ ನಿಲ್ಲಿಸಿ "ಕೆಲವರು ಇದ್ದಾರೆ..." ಎಂದು ಸಭೆಯಲ್ಲಿ ಚುಚ್ಚುವುದು ಬೇಡ. ಆ "ಕೆಲವರು" ಅದನ್ನು ಕೇಳಿಸಿಕೊಳ್ಳುವುದಿಲ್ಲ, ಉಳಿದವರಿಗೆ ಮಾತ್ರ ನೋವಾಗುತ್ತದೆ.

ಕೊನೆಯದಾಗಿ, ಕಚೇರಿಯ ಕೆಲಸ ಎಷ್ಟೇ ಇರಲಿ, ನಿಮ್ಮ ಗಣಿತವನ್ನು ಬಿಡಬೇಡಿ. ಎಂಟನೇ ತರಗತಿಯಲ್ಲಿ ವಾರಕ್ಕೆ ಎರಡು ಅವಧಿಯಾದರೂ ಇಟ್ಟುಕೊಳ್ಳಿ. ಸಹೋದ್ಯೋಗಿಗಳ ತರಗತಿಗೆ ಹೋಗುವ ಮೊದಲು ಅವರನ್ನೇ ನಿಮ್ಮ ತರಗತಿಗೆ ಕರೆಯಿರಿ. ನಿಮಗೆ ಚೆನ್ನಾಗಿ ಬರುವ ಪಾಠವನ್ನು ಆರಿಸಬೇಡಿ. ಭಾಗಲಬ್ಧ ಸಂಖ್ಯೆಗಳಲ್ಲಿ ಮಕ್ಕಳು ವರ್ಷವೂ ಎಡವುವ ಆ ಒಂದು ಲೆಕ್ಕವನ್ನೇ ತೆಗೆದುಕೊಂಡು, ಹಿಂದಿನ ಬೆಂಚಿನಲ್ಲಿ ಕುಳಿತ ಕನ್ನಡ ಮೇಷ್ಟ್ರನ್ನು ಅವಧಿ ಮುಗಿದ ಮೇಲೆ "ಎಲ್ಲಿ ಕೈತಪ್ಪಿತು, ನಿಮಗೆ ಕಾಣಿಸಿತಾ?" ಎಂದು ಕೇಳಿ. ಅವರು ಮೊದಲ ಸಲ "ಚೆನ್ನಾಗಿತ್ತು ಮೇಡಂ" ಎನ್ನುತ್ತಾರೆ. ಮೂರನೆಯದೋ ನಾಲ್ಕನೆಯದೋ ಸಲ ನಿಜ ಹೇಳುತ್ತಾರೆ. ಆಗ ಅವರ ತರಗತಿಗೆ ಹೋಗಿ.